ಮಾಯಿ ತಿಂಗಳಲ್ಲಿ ಒಂದು ಮಗುವಿನ ಕೌದಿ

ಉಡುಪಿಯಲ್ಲಿ ಕೌದಿ ಹೊಲಿಯಲು ತುಳುವರ ಮಾಯಿ ತಿಂಗಳಿಗಿಂತ ಒಳ್ಳೆ ಕಾಲ ಇಲ್ಲ. ಫೆಬ್ರವರಿ ಮಧ್ಯದಿಂದ ಮಾರ್ಚ್ ಮಧ್ಯದವರೆಗೆ ಒಗೆದ ಬಟ್ಟೆ ಅರ್ಧ ದಿನದಲ್ಲಿ ಗರಿಗರಿ ಒಣಗುತ್ತದೆ. ಬೆಳಗ್ಗೆ ಸ್ವಲ್ಪ ತಂಪು ಉಳಿದಿರುತ್ತದೆ. ಏಪ್ರಿಲ್ ಬಂತೆಂದರೆ ಕೈ ಬೆವರಿ ಸೂಜಿ ಜಾರುತ್ತದೆ. ಜೂನ್‌ನಲ್ಲಿ ಮಳೆ ಹಿಡಿದ ಮೇಲಂತೂ ಒಗೆದದ್ದು ಒಣಗುವುದೇ ಇಲ್ಲ. ಆದರೆ ಕೌದಿ ಬೇಕಾಗುವುದು ಆ ಮಳೆಗಾಲದಲ್ಲೇ ಅಲ್ವಾ? ಜುಲೈ-ಆಗಸ್ಟ್‌ನ ಆಟಿ ತಿಂಗಳ ರಾತ್ರಿ ಫ್ಯಾನ್ ನಿಲ್ಲಿಸಿದರೆ ಸೆಕೆ, ಹಾಕಿದರೆ ಚಳಿ. ಅಂಥ ಹೊತ್ತಿಗೆ ತೆಳುವಾದ ಹತ್ತಿ ಕೌದಿಯಷ್ಟು ಹಿತವಾದದ್ದು ಬೇರೊಂದಿಲ್ಲ. ಅದಕ್ಕೇ ಈಗಲೇ ಹೊಲಿದಿಡಬೇಕು.

ನಾನು ಹುಟ್ಟಿದ್ದು ಧಾರವಾಡದ ಕಡೆ. ಮದುವೆಯಾಗಿ ಬಂದದ್ದು ಉಡುಪಿಯ ಕುಂಜಿಬೆಟ್ಟಿಗೆ. ಮನೆಯಲ್ಲೇ ರವಿಕೆ ಹೊಲಿದುಕೊಡುತ್ತೇನೆ. ಏಪ್ರಿಲ್, ಮೇ ತಿಂಗಳ ಮದುವೆ ರವಿಕೆಗಳು ರಾಶಿ ಬೀಳುವ ಮೊದಲು ಪ್ರತಿವರ್ಷ ಒಂದು ವಾರ ಯಾರ ಬಟ್ಟೆಯನ್ನೂ ತೆಗೆದುಕೊಳ್ಳುವುದಿಲ್ಲ. ಆ ವಾರ ಕೌದಿಗೆ. ಅವ್ವ ಹೊಲಿಯುತ್ತಿದ್ದ ಕೌದಿ ಐದಾರು ಪದರದ್ದು, ಒಗೆದು ಹಿಂಡಲು ಇಬ್ಬರು ಬೇಕಾಗುತ್ತಿತ್ತು. ಅಲ್ಲಿನ ಚಳಿಗೆ ಅದು ಸರಿ. ಇಲ್ಲಿನ ಗಾಳಿಯಲ್ಲಿ ನೀರಿನ ಪಸೆ ಜಾಸ್ತಿ. ಅಷ್ಟು ದಪ್ಪದ್ದು ಒಳಗೊಳಗೇ ಬೂಷ್ಟು ಹಿಡಿಯುತ್ತದೆ. ಕರಾವಳಿಗೆ ಮೂರೇ ಪದರ ಸಾಕು. ಮೇಲೆ ತೇಪೆ, ನಡುವೆ ಹಳೆ ಮುಂಡು ಅಥವಾ ಪಂಚೆ, ಅಡಿಗೆ ಹಳೆ ಸೀರೆ. ಅಂಗಡಿಯಲ್ಲಿ ಸಿಗುವ ಪಾಲಿಯೆಸ್ಟರ್ ಹತ್ತಿಯನ್ನು ನಡುವೆ ತುಂಬಬೇಡಿ. ಅದು ಸೆಕೆ ಮಾಡುತ್ತದೆ.

ಮೊದಲ ಸಲ ಹೊಲಿಯುವವರು ದೊಡ್ಡವರ ಕೌದಿಗೆ ಕೈ ಹಾಕಬೇಡಿ. ಒಂದು ವಾರದಲ್ಲಿ ನೆಮ್ಮದಿಯಿಂದ ಮುಗಿಯುವುದು ಮಗುವಿನ ಕೌದಿ. ಅಗಲ 36 ಅಂಗುಲ, ಉದ್ದ 42 ಅಂಗುಲ. ಈ ಅಳತೆಗೆ ಕಾರಣ ಉಂಟು. ಸೀರೆಯ ಅಗಲ ಸಾಮಾನ್ಯವಾಗಿ 45 ಅಂಗುಲ. ಹಾಗಾಗಿ ಅಡಿಯ ಪದರಕ್ಕೆ ಜೋಡಣೆಯೇ ಇಲ್ಲದೆ ಇಡೀ ತುಂಡು ಸಿಗುತ್ತದೆ. ಎರಡೂ ಕಡೆ ಒಂದೂವರೆ ಅಂಗುಲ ಉಳಿಯುತ್ತದೆ, ಅದನ್ನೇ ಕೊನೆಗೆ ಮೇಲಕ್ಕೆ ಮಡಚಿದರೆ ಅಂಚುಪಟ್ಟಿ ಆಯಿತು.

ಸೋಮವಾರ ಬೆಳಗ್ಗೆ ಬಟ್ಟೆ ಆರಿಸಿ. ಹತ್ತಿಯದ್ದು ಮಾತ್ರ. ಹಳೆ ಸೀರೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ. ನೂಲು ಸವೆದ ಜಾಗ ಜಾಲರಿಯಂತೆ ಕಾಣುತ್ತದೆ. ಎರಡು ಕೈಯಲ್ಲಿ ಹಿಡಿದು ಮೆಲ್ಲಗೆ ಜಗ್ಗಿ, ಚರ್ ಎಂದರೆ ಆ ಭಾಗ ಬೇಡ. ನೆರಿಗೆಯ ಕೆಳಗಿನ ಅಂಚು ಕಾಲಿಗೆ ತಾಗಿ ಸವೆದಿರುತ್ತದೆ, ಸೆರಗಿನ ಕಡೆ ಗಟ್ಟಿ ಉಳಿದಿರುತ್ತದೆ. ನಮ್ಮ ಅತ್ತೆ ಉಟ್ಟು ಮೆತ್ತಗಾದ ಉಡುಪಿ ಕೈಮಗ್ಗದ ಸೀರೆಗಳು ಅಡಿಯ ಪದರಕ್ಕೆ ಬಹಳ ಒಳ್ಳೆಯದು. ಕಿನ್ನಿಗೋಳಿಯ ತಾಳಿಪಾಡಿಯಲ್ಲೂ ಉಡುಪಿಯ ಶಿವಳ್ಳಿ ನೇಕಾರರ ಸಂಘದಲ್ಲೂ ನೇಯುವ ಸೀರೆಗಳವು. ಹೊಸದರಲ್ಲಿ ಗಂಜಿ ಹಾಕಿ ಗಟ್ಟಿಯಾಗಿರುತ್ತದೆ. ಉಟ್ಟು ಒಗೆದಷ್ಟೂ ಮಗುವಿನ ಮೈಗೆ ತಾಗಿಸಬಹುದಾದಷ್ಟು ಮೃದುವಾಗುತ್ತದೆ.

ತೇಪೆಗೆ ಎಲ್ಲಿಂದ ಬಟ್ಟೆ ಎಂದು ಕೇಳುವವರಿದ್ದಾರೆ. ನಿಮ್ಮ ಹತ್ತಿರದ ಟೈಲರನ್ನು ಕೇಳಿ. ರವಿಕೆ ತುಂಡು, ಲೈನಿಂಗ್ ಬಟ್ಟೆಯ ಚೂರು ಪ್ರತಿ ಟೈಲರ್ ಅಂಗಡಿಯಲ್ಲೂ ಚೀಲಗಟ್ಟಲೆ ಬಿದ್ದಿರುತ್ತದೆ. ರೇಷ್ಮೆ, ಸಿಂಥೆಟಿಕ್ ಬೇರೆ ಮಾಡಿಕೊಳ್ಳಿ. ಹತ್ತಿಯೋ ಅಲ್ಲವೋ ಗೊತ್ತಾಗದಿದ್ದರೆ ಒಂದು ನೂಲು ಸುಟ್ಟು ನೋಡಿ. ಹತ್ತಿ ಬೂದಿಯಾಗುತ್ತದೆ, ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ.

ಆಮೇಲೆ ಬಣ್ಣದ ಪರೀಕ್ಷೆ. ಇದನ್ನು ಬಿಡಲೇಬಾರದು. ಕೆಂಪು, ಮೆರೂನ್, ಕಡು ನೀಲಿ ತುಂಡುಗಳನ್ನು ಒಂದೊಂದಾಗಿ ಬಿಸಿನೀರಲ್ಲಿ ಬಿಳಿ ಬಟ್ಟೆಯ ಚೂರಿನ ಜೊತೆ ಅರ್ಧ ಗಂಟೆ ನೆನೆಸಿ. ಬಿಳಿ ಬಿಳಿಯಾಗೇ ಉಳಿದರೆ ಸರಿ. ಬಣ್ಣ ಹತ್ತಿದರೆ ಮತ್ತೆರಡು ಸಲ ಒಗೆದು ನೋಡಿ, ಆಗಲೂ ಬಿಟ್ಟರೆ ಆ ತುಂಡು ಕೈಬಿಡಿ. ಉಪ್ಪು ಹಾಕಿದರೆ ಬಣ್ಣ ನಿಲ್ಲುತ್ತದೆ ಎನ್ನುತ್ತಾರೆ. ಅದನ್ನು ನೆಚ್ಚಬೇಡಿ. ಹೊಸ ಬಟ್ಟೆಯನ್ನೂ ಹೀಗೇ ನೆನೆಸಿ ಒಣಗಿಸಬೇಕು. ಇಲ್ಲದಿದ್ದರೆ ಹೊಲಿದ ಮೇಲೆ ಒಗೆದಾಗ ಹೊಸ ತೇಪೆ ಕುಗ್ಗಿ, ಹಳೆಯದು ಹಾಗೇ ಉಳಿದು, ಇಡೀ ಕೌದಿ ಸುಕ್ಕು ಬರುತ್ತದೆ.

ಬೆಳಗ್ಗೆ ಕೆಲಸ ಶುರುಮಾಡುವ ಮೊದಲು ನಡೆಯಲು ಹೋಗಿ. ಸುಮ್ನೆ ಹೇಳುತ್ತಿಲ್ಲ. ಹೊಲಿಗೆಯ ವಾರದಲ್ಲಿ ದಿನವೂ ನಡೆಯಬೇಕು. ಬಗ್ಗಿ ಕೂತು ಹೊಲಿದರೆ ಕುತ್ತಿಗೆ, ಭುಜ ಬಿಗಿಯುತ್ತದೆ. ನಾನು ಹೋಗುವುದು ಮಣಿಪಾಲದ ಮಣ್ಣಪಳ್ಳಕ್ಕೆ. ಕೆರೆಯ ಸುತ್ತ ನಡೆಯಲು ದಾರಿ ಉಂಟು, ಮರದ ನೆರಳು ಉಂಟು. ಈ ದಿನಗಳಲ್ಲಿ ಸೂರ್ಯ ಏಳರ ಹೊತ್ತಿಗೆ ಬರುತ್ತಾನೆ. ಆರೂವರೆಗೆ ಹೊರಟರೆ ಬಿಸಿಲೇರುವ ಮೊದಲು ವಾಪಸ್ ಬರಬಹುದು.

ಕಣ್ಣು ತೆರೆದು ನಡೆಯಿರಿ, ಕೌದಿಯ ಬಣ್ಣ ಅಲ್ಲೇ ಸಿಗುತ್ತದೆ. ಮಾವಿನ ಹೊಸ ಚಿಗುರು ತಾಮ್ರದ ಬಣ್ಣ, ಅದರ ಪಕ್ಕದಲ್ಲೇ ಹಳೆ ಎಲೆಯ ಕಡು ಹಸಿರು. ಅಶ್ವತ್ಥದ ಎಳೆ ಎಲೆ ಗುಲಾಬಿ. ಎಲೆಯೆಲ್ಲ ಉದುರಿದ ಬೂರುಗದ ಕೊಂಬೆಯಲ್ಲಿ ದಪ್ಪ ಕೆಂಪು ಹೂ. ಗೇರು ಮರದ ಹೂಗೊಂಚಲು ಹತ್ತಿರ ಹೋದರೆ ಮಾತ್ರ ಗುಲಾಬಿ ಗೆರೆ ಕಾಣುತ್ತದೆ. ಸುರಗಿ ಮರದ ಕೆಳಗೆ ಬಿಳಿ ಹೂ ಬಿದ್ದಿರುತ್ತದೆ. ನಾಲ್ಕು ಹೆಕ್ಕಿ ತಂದು ಹೊಲಿಗೆ ಪೆಟ್ಟಿಗೆಯ ಹತ್ತಿರ ಇಟ್ಟರೆ ಒಣಗಿದ ಮೇಲೂ ಪರಿಮಳ ಹೋಗುವುದಿಲ್ಲ. ಎಲ್ಲೋ ಕಂಚುಕುಟಿಗ ಹಕ್ಕಿ ಟುಕ್ ಟುಕ್ ಎನ್ನುತ್ತಿರುತ್ತದೆ. ನನಗೆ ವರ್ಷದಲ್ಲಿ ಅತ್ಯಂತ ಇಷ್ಟದ ಬೆಳಗುಗಳು ಇವು.

ಒಂದು ಎಚ್ಚರಿಕೆ. ದಾರಿಯಲ್ಲಿ ಗೇರುಹಣ್ಣು ಹೆಕ್ಕಿ ತಿಂದರೆ ಬಟ್ಟೆ ಮುಟ್ಟುವ ಮೊದಲು ಸೋಪು ಹಾಕಿ ಕೈ ತೊಳೆಯಿರಿ. ಆ ರಸದ ಕಲೆ ಬಟ್ಟೆಯಿಂದ ಹೋಗುವುದಿಲ್ಲ. ಬಾಳೆಯ ಕಲೆಯೂ ಹಾಗೇ.

ಸೋಮವಾರ ಸಂಜೆ ಇಸ್ತ್ರಿ ಹಾಕಿ ಕತ್ತರಿಸಿ. ಸೀರೆ ಪೆಟ್ಟಿಗೆಯ ರಟ್ಟಿನಲ್ಲಿ ಆರೂವರೆ ಅಂಗುಲದ ಚೌಕ ಮಾಡಿಕೊಳ್ಳಿ. ಅದನ್ನಿಟ್ಟು ಸೀಮೆಸುಣ್ಣದಲ್ಲಿ ಗೆರೆ ಹಾಕಿ 42 ಚೌಕ ಕತ್ತರಿಸಿ. ಅಡ್ಡಕ್ಕೆ ಆರು, ಉದ್ದಕ್ಕೆ ಏಳು. ಸುತ್ತ ಕಾಲು ಅಂಗುಲ ಹೊಲಿಗೆಗೆ ಹೋಗಿ ಪ್ರತಿ ಚೌಕ ಆರು ಅಂಗುಲ ಉಳಿಯುತ್ತದೆ. ನೂಲಿನ ನೇರಕ್ಕೇ ಕತ್ತರಿಸಿ. ಓರೆಯಾಗಿ ಕತ್ತರಿಸಿದ ತುಂಡು ಎಳೆದಂತೆಲ್ಲ ಉದ್ದವಾಗುತ್ತದೆ. ಅಡಿಯ ಸೀರೆಯಿಂದ 39 ಅಂಗುಲ ಉದ್ದದ ತುಂಡು ಬೇಕು, ಅಗಲ ಪೂರ್ತಿ ಇರಲಿ. ನಡುವಿನ ಮುಂಡಿನಿಂದ 36ಕ್ಕೆ 42.

ಮಂಗಳವಾರ ಬಣ್ಣ ಜೋಡಿಸುವ ದಿನ. ಇದಕ್ಕೆ ಅವಸರ ಮಾಡಬೇಡಿ. ಚೌಕಗಳನ್ನೆಲ್ಲ ನೆಲದ ಮೇಲೆ ಹರಡಿ. ನಮ್ಮ ಮನೆಯದು ಕಾವಿ ನೆಲ, ಕೆಂಪು. ಅದರ ಮೇಲೆ ಎಲ್ಲ ಬಣ್ಣವೂ ಚೆಂದ ಕಾಣುತ್ತದೆ, ಹೊಂದದ್ದು ಯಾವುದೆಂದು ಗೊತ್ತಾಗುವುದಿಲ್ಲ. ಅದಕ್ಕೇ ನಾನು ಮೊದಲು ಒಂದು ಬಿಳಿ ಪಂಚೆ ಹಾಸಿ ಅದರ ಮೇಲೆ ಜೋಡಿಸುತ್ತೇನೆ. ಬಣ್ಣ ಯಾವುದೆನ್ನುವುದಕ್ಕಿಂತ ತಿಳಿಯೋ ಕಡುವೋ ಎನ್ನುವುದು ಮುಖ್ಯ. ಕಣ್ಣು ಅರ್ಧ ಮುಚ್ಚಿ ನೋಡಿ. ಆಗ ಹಸಿರು, ಕೆಂಪು ಹೋಗಿ ಬೆಳಕು, ಕತ್ತಲೆ ಮಾತ್ರ ಉಳಿಯುತ್ತದೆ. ಕಡು ಬಣ್ಣವೆಲ್ಲ ಒಂದೇ ಕಡೆ ಗುಂಪಾಗಿದ್ದರೆ ಚದುರಿಸಿ.

ಹೊಂದಿಕೆಗೆ ನಡೆದು ಬಂದ ದಾರಿಯನ್ನೇ ನೆನಪಿಸಿಕೊಳ್ಳಿ. ಚಿಗುರಿನ ತಾಮ್ರದ ಬಣ್ಣ ಕಡು ಹಸಿರಿನ ಪಕ್ಕ ಬಂದಾಗಲೇ ಎದ್ದು ಕಾಣುತ್ತದೆ. ಬೂರುಗದ ಕೆಂಪು ಜಾಸ್ತಿ ಬೇಡ. ನಾಲ್ಕು ಚೌಕ, ಒಂದಕ್ಕೊಂದು ದೂರದಲ್ಲಿ. ಮಟ್ಟು ಗುಳ್ಳ ಬದನೆಯ ತಿಳಿ ಹಸಿರಿನಂಥ ಬಣ್ಣ ಸಿಕ್ಕಿದರೆ ಬಿಡಬೇಡಿ, ಜಗಳವಾಡುವ ಎರಡು ಬಣ್ಣಗಳ ನಡುವೆ ಅದನ್ನಿಟ್ಟರೆ ಎರಡೂ ಸುಮ್ಮನಾಗುತ್ತವೆ. ಹೂವಿನ ಬಟ್ಟೆ, ಚೌಕುಳಿ, ಗೆರೆ ಬಟ್ಟೆ ಬೆರೆಸಬಹುದು. ಆದರೆ ನಡುನಡುವೆ ಸಾದಾ ಚೌಕ ಬೇಕು, ಕಣ್ಣಿಗೆ ವಿರಾಮ ಬೇಕಲ್ಲ. ಜೋಡಿಸಿ ಆದ ಮೇಲೆ ಊಟ ಮಾಡಿ ಬನ್ನಿ, ಮತ್ತೆ ನೋಡಿ. ಒಂದೆರಡು ಚೌಕ ಜಾಗ ಬದಲಾಗಬೇಕು ಎಂದು ಆಗ ತಾನೇ ತಿಳಿಯುತ್ತದೆ. ನಮ್ಮ ಅತ್ತೆ ಬಾಗಿಲಲ್ಲಿ ನಿಂತು, "ಆ ನೀಲಿ ಮೂಲೆಯಲ್ಲಿ ಎಂತಕ್ಕೆ? ಮಧ್ಯಕ್ಕೆ ತಾ ಮಾರಾಯ್ತಿ" ಎನ್ನುತ್ತಾರೆ. ಅವರ ಮಾತು ನಾನು ಕೇಳುತ್ತೇನೆ. ನಿಂತು ನೋಡುವವರಿಗೆ ಇಡೀ ಕೌದಿ ಕಾಣುತ್ತದೆ.

ಆ ಊಟದ ಬಗ್ಗೆ ಒಂದು ಮಾತು. ಹೊಲಿಗೆಯ ವಾರದಲ್ಲಿ ಒಲೆಯ ಮುಂದೆ ಹೆಚ್ಚು ಹೊತ್ತು ನಿಲ್ಲಬೇಡಿ. ಕುಚ್ಚಲಕ್ಕಿ ಗಂಜಿ, ಮಾವಿನ ಮಿಡಿ ಉಪ್ಪಿನಕಾಯಿ. ಇನ್ನೊಂದು ದಿನ ಗುಳ್ಳದ ಬೋಳು ಹುಳಿ. ತೆಂಗಿನಕಾಯಿ ಅರೆಯುವ ಕೆಲಸವೇ ಇಲ್ಲ, ಗುಳ್ಳ ಬೇಗ ಬೇಯುತ್ತದೆ. ಗುಜ್ಜೆ, ಅಂದರೆ ಹಲಸಿನ ಕಾಯಿ, ಈಗ ಎಳೆಯದು ಸಿಗುತ್ತದೆ ನಿಜ, ಆದರೆ ಅದರ ಮೇಣ ಕೈಗೆ ಹತ್ತಿದರೆ ಸೂಜಿ ಹಿಡಿಯಲಾಗುವುದಿಲ್ಲ. ಗುಜ್ಜೆ ಪಲ್ಯ ಆದಿತ್ಯವಾರಕ್ಕೆ ಇಟ್ಟುಕೊಳ್ಳಿ.

ಜೋಡಿಸಿದ್ದನ್ನು ಫೋನಿನಲ್ಲಿ ಒಂದು ಫೋಟೋ ತೆಗೆದುಕೊಂಡು ಸಾಲು ಸಾಲಾಗಿ ಹೊಲಿಯಿರಿ. ಮೆಷಿನ್ ಇದ್ದರೆ ಮೆಷಿನ್ನಲ್ಲೇ, ಇದರಲ್ಲಿ ತಪ್ಪೇನಿಲ್ಲ. ಒಂದು ಸಾಲಿನ ಹೊಲಿಗೆ ಅಂಚುಗಳನ್ನು ಎಡಕ್ಕೆ ಮಡಚಿ ಇಸ್ತ್ರಿ ಮಾಡಿ, ಮುಂದಿನ ಸಾಲಿನದ್ದನ್ನು ಬಲಕ್ಕೆ. ಆಗ ಸಾಲು ಸೇರಿಸುವಾಗ ಮೂಲೆಗಳು ತಾವಾಗಿ ಕೂರುತ್ತವೆ, ದಪ್ಪ ಗಂಟು ಬರುವುದಿಲ್ಲ.

ಬುಧವಾರ ಬೆಳಗ್ಗೆ ಮೂರು ಪದರ ಸೇರಿಸುವುದು. ಅಡಿಯ ಸೀರೆಯನ್ನು ಒಳಮೈ ಮೇಲೆ ಬರುವಂತೆ ನೆಲಕ್ಕೆ ಹಾಸಿ ನಾಲ್ಕೂ ಕಡೆ ಟೇಪ್ ಅಂಟಿಸಿ. ಬಿಗಿ ಇರಲಿ, ಎಳೆಯಬೇಡಿ. ಅದರ ಮೇಲೆ ಮುಂಡು, ಅದರ ಮೇಲೆ ತೇಪೆಯ ಪದರ. ಸುತ್ತಲೂ ಸೀರೆ ಒಂದೂವರೆ ಅಂಗುಲದಷ್ಟು ಹೊರಗೆ ಕಾಣಬೇಕು. ಅಂಗೈಯಿಂದ ನಡುವಿನಿಂದ ಹೊರಕ್ಕೆ ಸವರುತ್ತಾ ಸುಕ್ಕು ತೆಗೆಯಿರಿ. ಈಗ ಕಚ್ಚಾ ಹೊಲಿಗೆ. ನಡುವಿನಿಂದ ಶುರುಮಾಡಿ ನಾಲ್ಕೂ ದಿಕ್ಕಿಗೆ, ಅಂಗೈ ಅಗಲಕ್ಕೊಂದು ಸಾಲು, ಉದ್ದುದ್ದ ಹೊಲಿಗೆ. ಬಿಳಿ ದಾರದಲ್ಲಿ ಹಾಕಿ, ಕೊನೆಗೆ ಬಿಚ್ಚಲು ಕಾಣಬೇಕು. ಈ ಕೆಲಸಕ್ಕೆ ಬೇಸರಪಟ್ಟು ಪಿನ್ ಹಾಕಿ ಮುಗಿಸುವವರಿದ್ದಾರೆ. ಇಲ್ಲಿನ ಗಾಳಿಗೆ ಪಿನ್ ಎರಡೇ ದಿನದಲ್ಲಿ ಬಟ್ಟೆಗೆ ತುಕ್ಕಿನ ಕಲೆ ಮಾಡಬಹುದು. ಕಚ್ಚಾ ಹೊಲಿಗೆಯೇ ಒಳ್ಳೆಯದು. ಸೂಜಿಗಳನ್ನೂ ಹೊರಗೆ ಬಿಡಬೇಡಿ. ಟಾಲ್ಕಂ ಪೌಡರ್ ಹಾಕಿದ ಸಣ್ಣ ಡಬ್ಬಿಯಲ್ಲಿ ಹೂತಿಟ್ಟರೆ ತುಕ್ಕು ಹಿಡಿಯುವುದಿಲ್ಲ, ಬೆರಳಲ್ಲಿ ಜಾರುವುದೂ ಇಲ್ಲ.

ಇನ್ನು ಶನಿವಾರದವರೆಗೆ ಕೈಹೊಲಿಗೆ. ಕೌದಿ ಕೌದಿಯಾಗುವುದು ಇಲ್ಲೇ. ದಪ್ಪ ಹತ್ತಿ ನೂಲು ತೆಗೆದುಕೊಳ್ಳಿ, ಸಿಗದಿದ್ದರೆ ಮಾಮೂಲಿ ಹತ್ತಿ ದಾರ ಎರಡೆಳೆ. ಪಾಲಿಯೆಸ್ಟರ್ ದಾರ ಬೇಡ. ಅದು ಹಳೆ ಬಟ್ಟೆಗಿಂತ ಗಟ್ಟಿ, ವರ್ಷ ಕಳೆದಂತೆ ಬಟ್ಟೆಯನ್ನೇ ಕೊಯ್ಯಬಹುದು. ಒಂದೂವರೆ ಮೊಳಕ್ಕಿಂತ ಉದ್ದ ಪೋಣಿಸಬೇಡಿ, ಸಿಕ್ಕು ಬೀಳುತ್ತದೆ. ಜೇನುಮೇಣದ ತುಂಡಿನ ಮೇಲೆ ದಾರವನ್ನು ಒಮ್ಮೆ ಎಳೆದುಕೊಂಡರೆ ಹುರಿ ಬಿಚ್ಚುವುದಿಲ್ಲ. ಗಂಟನ್ನು ಪದರಗಳ ನಡುವೆ ಅಡಗಿಸಿ.

ಹೊಲಿಗೆ ಅಂಚಿನಿಂದ ಶುರು. ಒಂದು ಮೂಲೆಯಿಂದ ಹೊರಟು ಸುತ್ತಲೂ ಬಂದು, ಒಂದು ಅಂಗುಲ ಒಳಗೆ ಮತ್ತೊಂದು ಸುತ್ತು, ಹೀಗೆ ನಡುವಿನವರೆಗೆ. ಯಲ್ಲಾಪುರ, ಹಳಿಯಾಳದ ಕಡೆ ಸಿದ್ದಿ ಸಮುದಾಯದ ಹೆಂಗಸರು ಹೊಲಿಯುವ ಕೌದಿ, ಅಂದರೆ ಕವಂದಿಯೂ ಹೀಗೇ ಅಂಚಿನಿಂದ ಒಳಕ್ಕೆ ಬರುತ್ತದೆ. ಪ್ರತಿ ಸುತ್ತು ಮುಗಿದಾಗ ಅಂಗೈಯಿಂದ ಒಳಕ್ಕೆ ಸವರಿ. ನಡುವೆ ಬಟ್ಟೆ ಉಬ್ಬಿದರೆ ಅಲ್ಲೇ ಗೊತ್ತಾಗುತ್ತದೆ. ಆಗ ಆ ಜಾಗದ ಕಚ್ಚಾ ಹೊಲಿಗೆ ಬಿಚ್ಚಿ ಸರಿಮಾಡಿ ಮುಂದುವರಿಯಿರಿ.

ಒಂದು ಅಂಗುಲಕ್ಕೆ ಮೂರು ಹೊಲಿಗೆ ಬಂದರೆ ಸಾಕು. ಅವ್ವ ನನಗೆ ಕಲಿಸುವಾಗ, "ಸಣ್ಣ ಹೊಲಿಗಿ ಬೇಕಂತೇನಿಲ್ಲವಾ, ಸಮ ಇರಲಿ" ಎನ್ನುತ್ತಿದ್ದಳು. ಸೂಜಿಯನ್ನು ಮುಂದೆ ತಳ್ಳುವುದಕ್ಕಿಂತ ಬಟ್ಟೆಯನ್ನು ಸೂಜಿಯ ಮೇಲೆ ಮಡಚುತ್ತಾ ಹೋಗಬೇಕು. ಮೂರು ನಾಲ್ಕು ಹೊಲಿಗೆ ಸೂಜಿಯ ಮೇಲೆ ಕೂತ ಮೇಲೆ ಒಮ್ಮೆಗೇ ಎಳೆಯಿರಿ. ಎಡಗೈಯ ಬೆರಳು ಕೆಳಗೆ ಇದ್ದು ಸೂಜಿಯ ಮೊನೆಯನ್ನು ಪ್ರತಿಸಲ ಮುಟ್ಟಬೇಕು, ಮೂರೂ ಪದರ ದಾಟಿತು ಎನ್ನುವುದಕ್ಕೆ ಅದೇ ಸಾಕ್ಷಿ. ಮಧ್ಯದ ಬೆರಳಿಗೆ ಥಿಂಬಲ್ ಹಾಕಿ. ದಾರ ಎಳೆದ ಮೇಲೆ ಬಟ್ಟೆ ನೆರಿಗೆಯಾದರೆ ಬಿಗಿ ಜಾಸ್ತಿಯಾಯಿತು ಎಂದರ್ಥ. ಉಗುರಿನಿಂದ ಸ್ವಲ್ಪ ಸಡಿಲಿಸಿ.

ಈ ಅಳತೆಯ ಕೌದಿಗೆ ಒಟ್ಟು ಹೊಲಿಗೆ ಸುಮಾರು 125 ಅಡಿ ಬರುತ್ತದೆ. ಕೇಳಿ ಹೆದರಬೇಡಿ. ಬೆಳಗ್ಗೆ ಎರಡು ಗಂಟೆ, ಊಟವಾದ ಮೇಲೆ ಒಂದೂವರೆ ಗಂಟೆ, ನಾಲ್ಕು ದಿನದಲ್ಲಿ ಮುಗಿಯುತ್ತದೆ. ಅದಕ್ಕಿಂತ ಜಾಸ್ತಿ ಕೂರಬೇಡಿ. ದಣಿದ ಕೈ ಹಾಕಿದ ಹೊಲಿಗೆ ಬೇರೆಯಾಗಿ ಕಾಣುತ್ತದೆ, ಒಂದೊಂದು ಉದ್ದ, ಒಂದೊಂದು ಗಿಡ್ಡ. ಕಿಟಕಿಯ ಹತ್ತಿರ, ಬೆಳಕು ಎಡಭುಜದ ಮೇಲಿಂದ ಬೀಳುವಂತೆ ಕೂತುಕೊಳ್ಳಿ. ರಾತ್ರಿ ಬಲ್ಬಿನಡಿ ಕಡು ಬಟ್ಟೆಯ ಮೇಲೆ ಹೊಲಿಯುವುದು ಬೇಡವೇ ಬೇಡ. ರೇಡಿಯೋ ಹಾಕಿಕೊಳ್ಳಿ. ಮಂಗಳೂರು ಆಕಾಶವಾಣಿಯಲ್ಲಿ ಯಕ್ಷಗಾನದ ಪದ ಬಂತೆಂದರೆ ನನ್ನ ಸೂಜಿ ಚೆಂಡೆಯ ಜೊತೆ ಹೋಗಲು ನೋಡುತ್ತದೆ. ಆಗ ಮಾತ್ರ ಸೂಜಿ ಕೆಳಗಿಟ್ಟು ಸುಮ್ನೆ ಕೇಳುತ್ತೇನೆ.

ಸಂಜೆಯ ನಡಿಗೆಗೆ ಮಲ್ಪೆ. ಕುಂಜಿಬೆಟ್ಟಿನಿಂದ ಬಸ್ಸು ಸಿಗುತ್ತದೆ. ಸೂರ್ಯ ಮುಳುಗುವುದು ಆರೂವರೆ ದಾಟಿದ ಮೇಲೆ, ಅಷ್ಟರೊಳಗೆ ಸೇತುವೆ ದಾಟಿ ಪಡುಕೆರೆಯ ಕಡೆ ನಡೆಯುವಷ್ಟು ಹೊತ್ತು ಸಿಗುತ್ತದೆ. ಅಲ್ಲಿ ಜನ ಕಡಿಮೆ. ಬಂದರಿನಲ್ಲಿ ಬಲೆ ಸರಿಮಾಡುವವರನ್ನು ನಿಂತು ನೋಡಿ. ಹರಿದ ಕಣ್ಣನ್ನು ಸುತ್ತಲಿನ ಕಣ್ಣಿನ ಅಳತೆಗೇ ಹೆಣೆಯುತ್ತಾರೆ. ಕಾಲು ಚಾಚಿ, ಬೆನ್ನು ನೇರ ಇಟ್ಟು, ಬಲೆಯನ್ನು ತಮ್ಮ ಕಡೆಗೆ ಎಳೆದುಕೊಳ್ಳುತ್ತಾರೆ ಹೊರತು ತಾವು ಬಲೆಯ ಕಡೆ ಬಗ್ಗುವುದಿಲ್ಲ. ಕೌದಿಗೂ ಇದೇ ಸರಿ. ಗೋಡೆಗೆ ಒರಗಿ, ಕೌದಿಯನ್ನು ತೊಡೆಯ ಮೇಲೆ ಎಳೆದುಕೊಂಡು ಹೊಲಿಯಿರಿ. ವಾಪಸ್ ಬರುವಾಗ ರಥಬೀದಿಯ ಹತ್ತಿರ ಶಂಕರಪುರ ಮಲ್ಲಿಗೆ ತೆಗೆದುಕೊಳ್ಳುತ್ತೇನೆ. 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ ಎಂಬ ಲೆಕ್ಕ ಅದರದ್ದು. ಬಾಳೆನಾರಿನಲ್ಲಿ ಎಷ್ಟು ಒತ್ತೊತ್ತಾಗಿ, ಎಷ್ಟು ಸಮವಾಗಿ ಕಟ್ಟುತ್ತಾರೆ ಗೊತ್ತಾ? ಅದನ್ನು ನೋಡಿದ ಮೇಲೆ ಮರುದಿನ ನನ್ನ ಸಾಲೂ ನೇರ ಬರುತ್ತದೆ.

ಆದಿತ್ಯವಾರ ಅಂಚು. ಕಚ್ಚಾ ಹೊಲಿಗೆ ಬಿಚ್ಚಿ, ಹೊರಗೆ ಉಳಿದ ಸೀರೆಯನ್ನು ಮುಕ್ಕಾಲು ಅಂಗುಲ ಮಡಚಿ, ಮತ್ತೆ ಮುಕ್ಕಾಲು ಅಂಗುಲ ಮಡಚಿ ತೇಪೆಯ ಮೇಲೆ ತನ್ನಿ. ಸಣ್ಣ ಹೆಮ್ಮಿಂಗ್ ಹೊಲಿಗೆ ಹಾಕಿ. ಮೂಲೆಗಳಲ್ಲಿ ಮೊದಲು ತುದಿಯನ್ನು ಓರೆಯಾಗಿ ಒಳಗೆ ಮಡಚಿಕೊಂಡರೆ ನೀಟಾಗಿ ಕೂರುತ್ತದೆ. ಸಿದ್ದಿಯರು ತಮ್ಮ ಕವಂದಿಯ ಮೂಲೆಗಳಿಗೆ ಫೂಲ ಇಡುತ್ತಾರೆ, ಮಡಚಿದ ತ್ರಿಕೋನದ ಬಟ್ಟೆ, ಒಂದರ ಮೇಲೊಂದು. ಅದಿಲ್ಲದಿದ್ದರೆ ಕವಂದಿ ಪೂರ್ತಿಯಾಗಲಿಲ್ಲ ಎನ್ನುವುದು ಅವರ ಮಾತು. ನಿಮಗೂ ಇಷ್ಟವಾದರೆ ನಾಲ್ಕು ಅಂಗುಲದ ಚೌಕವನ್ನು ಮೂಲೆಯಿಂದ ಮೂಲೆಗೆ ಎರಡು ಸಲ ಮಡಚಿ ಅಂಚಿನ ಅಡಿಗೆ ಸಿಕ್ಕಿಸಿ ಭದ್ರವಾಗಿ ಹೊಲಿಯಿರಿ. ಮಗು ಬಾಯಿಗೆ ಹಾಕಿ ಎಳೆಯುತ್ತದೆ, ಗುಂಡಿ, ಮಣಿ ಮಾತ್ರ ಬೇಡ. ವರ್ಷ ತುಂಬದ ಕೂಸಿಗೆ ಕೌದಿ ಹೊದಿಸಿ ಮಲಗಿಸಬೇಡಿ. ಎಚ್ಚರವಿರುವಾಗ ನೆಲಕ್ಕೆ ಹಾಸಿ ಆಡಲು ಬಿಡಿ.

ಅವ್ವ ಕೊನೆಯ ಮೂಲೆ ಮುಚ್ಚುವ ಮೊದಲು ಒಳಗೆ ನಾಲ್ಕು ಕಾಳು ಜೋಳ ಇಡುತ್ತಿದ್ದಳು. ಈ ಊರಿನ ಗಾಳಿಗೆ ಕಾಳು ಹುಳ ಬೀಳುತ್ತದೆ. ನಾನು ಅದರ ಬದಲು ಅವಳ ಸೀರೆಯ ಒಂದು ಚೂರನ್ನು ನಡುವಿನ ಪದರಕ್ಕೆ ಸೇರಿಸುತ್ತೇನೆ.

ಮೊದಲ ಒಗೆತ ತಣ್ಣೀರಲ್ಲಿ, ಕಡಿಮೆ ಸೋಪಿನಲ್ಲಿ. ತಿರುಚಿ ಹಿಂಡಬೇಡಿ, ಮಡಚಿ ಒತ್ತಿ. ಒಂದೇ ಹಗ್ಗಕ್ಕೆ ಹಾಕಿದರೆ ಭಾರಕ್ಕೆ ಜೋತು ಬೀಳುತ್ತದೆ, ಎರಡು ಹಗ್ಗದ ಮೇಲೆ ಹರಡಿ. ಅಡಿಯ ಸೀರೆ ಬಿಸಿಲಿಗೆ ಇರಲಿ, ತೇಪೆಯ ಬಣ್ಣ ಉಳಿಯುತ್ತದೆ. ಒಣಗಿದ ಮೇಲೆ ಹೊಲಿಗೆಯ ನಡುವೆ ಸಣ್ಣ ಸಣ್ಣ ಸುಕ್ಕು ಮೂಡುತ್ತದೆ. ಅದು ಕೌದಿಯ ಚೆಂದ, ಇಸ್ತ್ರಿ ಹಾಕಬೇಡಿ.

ಮಳೆಗಾಲದವರೆಗೆ ಇಡುವುದಾದರೆ ಮೇ ತಿಂಗಳ ಕೊನೆಗೆ ಇನ್ನೊಂದು ಬಿಸಿಲು ತೋರಿಸಿ, ಪೂರ್ತಿ ಆರಿದ ಮೇಲೆ ಮಡಚಿ. ಪ್ಲಾಸ್ಟಿಕ್ ಚೀಲದಲ್ಲಿ ಹಾಕಬೇಡಿ, ಹಳೆ ಪಂಚೆಯಲ್ಲಿ ಸುತ್ತಿ, ಒಣಗಿದ ಬೇವಿನ ಎಲೆ ಇಡಿ. ಮಳೆ ಜೋರಾದಾಗ ಬಚ್ಚಲು ಒಲೆಯ ಮೇಲಿನ ಹಗ್ಗಕ್ಕೆ ಒಂದು ಹೊತ್ತು ಹಾಕಿದರೆ ಬೆಚ್ಚಗಾಗುತ್ತದೆ. ಮೂರೇ ಪದರವಲ್ಲವೇ, ಬೇಗ ಒಣಗುತ್ತದೆ.

ಕೆಲವು ವರ್ಷ ಕಳೆದ ಮೇಲೆ ಒಂದೆರಡು ಚೌಕ ಸವೆದು ಒಳಗಿನ ಮುಂಡು ಕಾಣತೊಡಗುತ್ತದೆ. ಆ ಚೌಕವನ್ನು ಬಿಚ್ಚಲು ಹೋಗಬೇಡಿ. ಅದರ ಮೇಲೆಯೇ ಅಂಚು ಮಡಚಿದ ಹೊಸ ತುಂಡು ಇಟ್ಟು, ಹಳೆ ಹೊಲಿಗೆ ಹೋದ ಸಾಲಿನಲ್ಲೇ ಮೂರೂ ಪದರ ಸೇರಿಸಿ ಹೊಲಿಯಿರಿ. ಆ ಹೊಸ ತುಂಡನ್ನೂ ಬಿಸಿನೀರು, ಬಿಳಿ ಬಟ್ಟೆಯ ಪರೀಕ್ಷೆ ಮಾಡಿಯೇ ಹಾಕಿ.